ಕಂಬ, ಗುಳಿಗೆ, ಚಿಲಕ: ಬ್ಯಾಡಗಿ ಸೀಮೆಯ ಒಂದು ಪ್ರಕರಣ

ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಕೂಗಳತೆಯಲ್ಲಿರುವ ಹಳ್ಳಿಯೊಂದರಲ್ಲಿ 22 ವರ್ಷದ ಯುವಕನನ್ನು ಹೆತ್ತವರು ಸುಮಾರು ಎರಡು ವರ್ಷ ಪಡಸಾಲೆಯ ಕಂಬಕ್ಕೆ ಕಟ್ಟಿದ್ದರು. ಅವನಿಗೆ ಬೌದ್ಧಿಕ ಅಂಗವೈಕಲ್ಯವಿದೆ, ಆಟಿಸಂ ಇದೆ, ಚಿಕ್ಕಂದಿನಿಂದ ಮೂರ್ಛೆರೋಗವಿದೆ. ಮಾತಿಲ್ಲ, ಬೇಕಾದದ್ದನ್ನು ಕೈಹಿಡಿದು ಎಳೆದು ತೋರಿಸುತ್ತಾನೆ. ಊರಿನ ಹೆಸರನ್ನು ಬಿಟ್ಟಿದ್ದೇನೆ, ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮನೆಯವರು ಅವನನ್ನು 'ತಮ್ಮ' ಎಂದು ಕರೆಯುತ್ತಾರೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಕಟ್ಟಿಹಾಕಿದವರನ್ನು ಬಿಡಿಸಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬಿಡಿಸಿದ ಮರುದಿನದಿಂದ ಆ ಮನೆಯಲ್ಲಿ ಏನಾಯಿತು ಎಂಬುದು ಮಾತ್ರ ಬರುವುದಿಲ್ಲ. ತಮ್ಮನ ಕಾಲಿನ ಹಗ್ಗ ಕೆಲವೇ ದಿನಗಳಲ್ಲಿ ಹೋಯಿತು. ಬಂಧನ ಹೋಗಲು ವರ್ಷ ದಾಟಿತು. ಮೊದಲು ಹಗ್ಗ, ಆಮೇಲೆ ಗುಳಿಗೆ, ಆಮೇಲೆ ಹೊರಗಿನಿಂದ ಹಾಕಿದ ಚಿಲಕ. ಒಂದನ್ನು ತೆಗೆದಾಗಲೆಲ್ಲ ಇನ್ನೊಂದು ಬಂದು ಅದೇ ಜಾಗದಲ್ಲಿ ಕುಳಿತುಕೊಂಡಿತು. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಅದೇ ಕಾರಣ.

ಹಗ್ಗ

ಅದು ಎತ್ತು ಕಟ್ಟುವ ನೂಲಿನ ಹಗ್ಗ. ಬಲಗಾಲಿನ ಹರಡಿಗೆ ತಾಯಿಯ ಹಳೆಯ ಸೀರೆಯ ತುಂಡನ್ನು ಸುತ್ತಿ, ಅದರ ಮೇಲೆ ಗಂಟು ಹಾಕಿದ್ದರು. ಉದ್ದವನ್ನು ತಂದೆ ಯೋಚಿಸಿಯೇ ಇಟ್ಟಿದ್ದರು: ನೀರಿನ ಕೊಡ ಮತ್ತು ಮೂಲೆಯ ಬಚ್ಚಲು ಸಿಗಬೇಕು, ಹೊಸ್ತಿಲು ಸಿಗಬಾರದು. ಸೀರೆ ಸುತ್ತಿದ್ದರೂ ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು, ಒಂದು ಕಡೆ ಹುಣ್ಣಾಗಿತ್ತು. ಆ ಸೀರೆಯ ತುಂಡನ್ನೂ ಆ ಹುಣ್ಣನ್ನೂ ಒಟ್ಟಿಗೆ ನೋಡಲಾರದವರು ಇಂಥ ಮನೆಗಳಲ್ಲಿ ಕೆಲಸ ಮಾಡಲಾರರು ಎಂದು ನಾನು ನಂಬುತ್ತೇನೆ. ಆ ಮನೆಯಲ್ಲಿ ಪ್ರೀತಿ ಇತ್ತು. ಅವನ ಕಾಲಿಗೆ ಆದದ್ದು ಹಿಂಸೆಯೇ. ಮೊದಲನೆಯದು ಎರಡನೆಯದನ್ನು ಅಳಿಸುವುದಿಲ್ಲ.

ಮನೆಗೆ ಎರಡು ಎಕರೆ ಮಳೆಯಾಶ್ರಿತ ಹೊಲವಿದೆ. ಗೋವಿನಜೋಳ ಮತ್ತು ಮೆಣಸಿನಕಾಯಿ ಬೆಳೆಯುತ್ತಾರೆ. ಬೆಳೆ ಸಾಲದ ಕಾರಣ ತಾಯಿ ಬ್ಯಾಡಗಿಯ ಮೆಣಸಿನಕಾಯಿ ಹಂಗಾಮಿನಲ್ಲಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ, ತಂದೆ ಹಮಾಲಿಗೆ. ಅಕ್ಕನನ್ನು ಹುಬ್ಬಳ್ಳಿಗೆ ಕೊಟ್ಟಿದ್ದಾರೆ. ತಮ್ಮ ಚಿಕ್ಕವನಿದ್ದಾಗ ಪಟ್ಟಣದ ವಿಶೇಷ ಶಾಲೆಗೆ ಎರಡು ವರ್ಷ ಹೋಗಿದ್ದ. ಕರೆದುಕೊಂಡು ಹೋಗಿ ಬರುವವರಿಲ್ಲದೆ ಅದು ನಿಂತಿತು.

ಅಜ್ಜಿ ಬದುಕಿರುವ ತನಕ ಆ ಮನೆಯಲ್ಲಿ ಅವನಿಗೆ ಹಗ್ಗವಿರಲಿಲ್ಲ. ಹಗಲೆಲ್ಲ ಅವನೊಂದಿಗೆ ಇರುತ್ತಿದ್ದವರು ಅಜ್ಜಿಯೇ. ಅವರು ತೀರಿಕೊಂಡ ಮೇಲೆ ತಮ್ಮ ಒಬ್ಬನೇ ಮನೆಯಿಂದ ಹೊರಬೀಳತೊಡಗಿದ. ಒಮ್ಮೆ ಹೆದ್ದಾರಿಯ ತನಕ ಹೋಗಿದ್ದಾಗ ಲಾರಿ ಚಾಲಕನೊಬ್ಬ ಬ್ರೇಕ್ ಒತ್ತಿ, ಇಳಿದು, ಕೈಹಿಡಿದು ಊರಿಗೆ ತಂದು ಬಿಟ್ಟ. ಇನ್ನೊಮ್ಮೆ ರಾತ್ರಿ ಹೋದವನು ಬೆಳಗಿನ ಜಾವಕ್ಕೆ ಸಿಕ್ಕಿದ. ಅದೇ ದಿನಗಳಲ್ಲಿ ತನ್ನ ತಲೆಗೆ ತಾನೇ ಹೊಡೆದುಕೊಳ್ಳುವುದು, ಮುಂಗೈ ಕಚ್ಚಿಕೊಳ್ಳುವುದು, ಮುಖ ತೊಳೆಯಲು ಬಂದ ತಾಯಿಯನ್ನು ಹೊಡೆಯುವುದು ಶುರುವಾಯಿತು. "ಕಟ್ಟಿದ್ದಕ್ಕೇ ಅವನು ಬದುಕಿದ್ದಾನೆ," ಎಂದು ತಂದೆ ಹೇಳಿದರು. ಆ ಮಾತನ್ನು ಸುಳ್ಳು ಎಂದು ತಳ್ಳಿಹಾಕುವ ಧೈರ್ಯ ನನಗೆ ಬರಲಿಲ್ಲ. ಕೂಲಿಗೆ ಹೋಗುವ ಇಬ್ಬರು, ಹೆದ್ದಾರಿಯ ಪಕ್ಕದ ಊರು, ಅಪಾಯದ ಅರಿವಿಲ್ಲದ ಯುವಕ: ಅವರ ಮುಂದೆ ಬೇರೆ ದಾರಿಯನ್ನು ಯಾರೂ ಇಟ್ಟಿರಲಿಲ್ಲ.

ದೂರು ಕೊಡಬೇಕೇ?

ವಿಷಯ ಹೊರಬಿದ್ದದ್ದು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯಿಂದ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ ಕೆಲಸಕ್ಕೆ ಬಂದವರು ಹಗ್ಗ ನೋಡಿ, ಇಂಥ ಮನೆಗಳಲ್ಲಿ ಕೆಲಸ ಮಾಡುವ ನಮಗೆ ತಿಳಿಸಿದರು. ಪಕ್ಕದ ಮನೆಯವರಿಗೆ ಪೊಲೀಸರನ್ನು ಕರೆಯುವ ಮನಸ್ಸಿತ್ತು.

ಇಲ್ಲಿ ಕಾನೂನಿನ ಒಂದು ಸಂದಿಯನ್ನು ಹೇಳಲೇಬೇಕು, ಏಕೆಂದರೆ ಕ್ಷೇತ್ರದಲ್ಲಿ ಕೆಲಸ ಮಾಡುವವರೂ ಇದರಲ್ಲಿ ಎಡವುತ್ತಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 95ನೇ ಸೆಕ್ಷನ್, ಮಾನಸಿಕ ಕಾಯಿಲೆ ಇರುವವರನ್ನು ಯಾವುದೇ ರೀತಿಯಲ್ಲಿ ಸರಪಳಿ ಹಾಕಿ ಕಟ್ಟುವುದನ್ನು ನಿಷೇಧಿಸುತ್ತದೆ. 97ನೇ ಸೆಕ್ಷನ್ ಚಿಕಿತ್ಸಾ ಕೇಂದ್ರಗಳಲ್ಲಿ ಒಂಟಿಯಾಗಿ ಕೂಡಿಹಾಕುವುದನ್ನು ತಡೆಯುತ್ತದೆ. ಸಿಬ್ಬಂದಿ ಕಡಿಮೆ ಇದ್ದಾರೆಂಬ ಕಾರಣಕ್ಕೆ ಅಥವಾ ಶಿಕ್ಷೆಯಾಗಿ ರೋಗಿಯನ್ನು ಕಟ್ಟಕೂಡದು ಎನ್ನುತ್ತದೆ. ಇದರ ಹಿಂದೆ ನೋವಿನ ಚರಿತ್ರೆ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಕಾರಣಕ್ಕೆ ಓಡಲಾಗದೆ 28 ಜನ ಸುಟ್ಟು ಸತ್ತರು. ಆದರೆ ಇದೇ ಕಾಯ್ದೆಯಲ್ಲಿರುವ ಮಾನಸಿಕ ಕಾಯಿಲೆಯ ವ್ಯಾಖ್ಯೆ ಬೌದ್ಧಿಕ ಅಂಗವೈಕಲ್ಯವನ್ನು ಹೊರಗಿಡುತ್ತದೆ. ತಮ್ಮನಂಥವರು ನಿಲ್ಲಬೇಕಾದದ್ದು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ ನೆರಳಿನಲ್ಲಿ. ಅದರ 6ನೇ ಸೆಕ್ಷನ್ ಕ್ರೂರ ಮತ್ತು ಅಮಾನವೀಯ ನಡವಳಿಕೆಯಿಂದ ರಕ್ಷಣೆ ಕೊಡುತ್ತದೆ. 7ನೇ ಸೆಕ್ಷನ್ ಪ್ರಕಾರ ದೌರ್ಜನ್ಯದ ಮಾಹಿತಿಯನ್ನು ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ತಾಲ್ಲೂಕಿನಲ್ಲಿ ತಹಶೀಲ್ದಾರರಿಗೆ, ಕೊಡಬಹುದು. ಅನ್ನ ನೀರು ಕೊಡದಿರುವುದು, ಅಂಗಕ್ಕೆ ಗಾಯ ಮಾಡುವುದು ಮುಂತಾದವುಗಳಿಗೆ 92ನೇ ಸೆಕ್ಷನ್ ಆರು ತಿಂಗಳಿನಿಂದ ಐದು ವರ್ಷದ ತನಕ ಸೆರೆವಾಸ ಹೇಳುತ್ತದೆ.

ನಾವು ದೂರು ಕೊಡಲಿಲ್ಲ. ತಮ್ಮನಿಗೆ ಹೊತ್ತು ಹೊತ್ತಿಗೆ ಊಟ ಸಿಗುತ್ತಿತ್ತು, ಮೈ ಶುಚಿಯಾಗಿತ್ತು, ಬಿಚ್ಚಲು ತಾಯಿ ತಂದೆ ಸಿದ್ಧರಿದ್ದರು. ಬಿಚ್ಚಿದ ಮೇಲೆ ಏನು ಮಾಡಬೇಕೆಂದು ಮಾತ್ರ ತಿಳಿದಿರಲಿಲ್ಲ. ಹಗ್ಗ ಯಾವ ದಿನ ಹೋಗಬೇಕು, ಅಲ್ಲಿಯ ತನಕ ಯಾರು ಬಂದು ನೋಡುತ್ತಾರೆ ಎಂಬುದನ್ನು ಬರೆದು, ಅವರಿಗೆ ಓದಿ ಹೇಳಿ, ಹೆಬ್ಬೆಟ್ಟು ಮತ್ತು ಸಹಿ ತೆಗೆದುಕೊಂಡೆವು. ಉಪವಾಸ ಕೆಡವಿದ, ಬಡಿದ, ಲೈಂಗಿಕ ದೌರ್ಜನ್ಯದ ಸಣ್ಣ ಅನುಮಾನವೂ ಇರುವ ಮನೆಯಾಗಿದ್ದರೆ ಅದೇ ದಿನ ತಹಶೀಲ್ದಾರರ ಬಾಗಿಲು ತಟ್ಟಬೇಕು. ಮಾತುಕತೆಗೆ ಅಲ್ಲಿ ಜಾಗವಿಲ್ಲ.

ಗುಳಿಗೆ

ಬರೆದುಕೊಂಡ ದಿನಕ್ಕಿಂತ ಮೊದಲೇ ಹಗ್ಗ ಹೋಯಿತು. ಸಂಬಂಧಿಕರೊಬ್ಬರು ತಮ್ಮನನ್ನು ಪಟ್ಟಣದ ಒಂದು ಖಾಸಗಿ ಚಿಕಿತ್ಸಾಲಯಕ್ಕೆ ಕರೆದೊಯ್ದಿದ್ದರು. ಮೂರ್ಛೆಯ ಗುಳಿಗೆಯ ಜೊತೆಗೆ ಇನ್ನೂ ಮೂರು ಬಗೆಯ ಗುಳಿಗೆ ಬಂದವು. ಒಂದು ವಾರದಲ್ಲಿ ಮನೆ ಶಾಂತವಾಯಿತು. ಅವನು ಹೊರಗೆ ಓಡುತ್ತಿರಲಿಲ್ಲ, ಹೊಡೆದುಕೊಳ್ಳುತ್ತಿರಲಿಲ್ಲ. ಬೆಳಗ್ಗೆ ಎಬ್ಬಿಸಿದರೂ ಏಳುತ್ತಿರಲಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕೈ ನಡುಗಿ ತುತ್ತು ಜಾರುತ್ತಿತ್ತು, ಮಲ ಕಟ್ಟಿ ಹೊಟ್ಟೆ ಉಬ್ಬಿತ್ತು. ಬಂದವರೆಲ್ಲ "ಈಗ ಚೆನ್ನಾಗಿದ್ದಾನೆ, ಸುಮ್ಮನಿದ್ದಾನೆ" ಎಂದು ಸಂತೋಷಪಟ್ಟರು.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸಿಟ್ಟು ಬಂದದ್ದು ಈ ಹಂತದಲ್ಲಿ. ಹಗ್ಗವನ್ನು ಕಂಡು ಪೊಲೀಸರನ್ನು ಕರೆಯಲು ಹೊರಟ ಊರು, ಗುಳಿಗೆಯನ್ನು ಕಂಡು ನಿಟ್ಟುಸಿರು ಬಿಟ್ಟಿತು. ಹಗ್ಗ ಕಾಲನ್ನು ಮಾತ್ರ ಹಿಡಿದಿತ್ತು. ಗುಳಿಗೆ ಅವನನ್ನು ಇಡಿಯಾಗಿ ಹಿಡಿದಿತ್ತು. ಆಸ್ಟ್ರೇಲಿಯಾದ ಅಂಗವೈಕಲ್ಯ ಸೇವೆಗಳ 2018ರ ನಿಯಮಗಳು ನಿರ್ಬಂಧಕ ಕ್ರಮಗಳನ್ನು ಐದು ಬಗೆಯಾಗಿ ಗುರುತಿಸುತ್ತವೆ: ಒಂಟಿಯಾಗಿ ಕೂಡಿಹಾಕುವುದು, ಔಷಧದಿಂದ ಅಡಗಿಸುವುದು, ಹಗ್ಗ ಪಟ್ಟಿಯಂಥ ಸಾಧನದಿಂದ ಕಟ್ಟುವುದು, ಮೈಬಲದಿಂದ ಹಿಡಿದಿಡುವುದು, ಬಾಗಿಲು ಬೀರುಗಳಿಗೆ ಬೀಗ ಹಾಕಿ ಆ ವ್ಯಕ್ತಿಯ ಪಾಲಿಗೆ ಮುಚ್ಚುವುದು. ಕಾಯಿಲೆಯ ಚಿಕಿತ್ಸೆಗಲ್ಲದೆ, ವರ್ತನೆಯನ್ನು ಅಡಗಿಸುವುದಕ್ಕೇ ಔಷಧ ಕೊಟ್ಟರೆ ಅದು ನಿರ್ಬಂಧ. ಇಂಗ್ಲೆಂಡಿನಲ್ಲಿ 2015ರಲ್ಲಿ ಮಾಡಿದ ಅಂದಾಜಿನಂತೆ, ಬೌದ್ಧಿಕ ಅಂಗವೈಕಲ್ಯವಿರುವ 30,000ದಿಂದ 35,000 ವಯಸ್ಕರು ಅಂಥ ಔಷಧಕ್ಕೆ ಬೇಕಾದ ಕಾಯಿಲೆಯೇ ಇಲ್ಲದೆ ಅದನ್ನು ದಿನವೂ ನುಂಗುತ್ತಿದ್ದರು. ಅದನ್ನು ತಗ್ಗಿಸಲು ಮರುವರ್ಷ ಅಲ್ಲಿ ರಾಷ್ಟ್ರಮಟ್ಟದ ಆಂದೋಲನವೇ ಶುರುವಾಯಿತು.

ಔಷಧವನ್ನೇ ಶತ್ರುವೆಂದು ಹೇಳುತ್ತಿಲ್ಲ. ಮೂರ್ಛೆಯ ಗುಳಿಗೆ ತಪ್ಪಿದರೆ ತಮ್ಮನ ಜೀವಕ್ಕೇ ಕುತ್ತು. ರಿಸ್ಪೆರಿಡೋನ್‌ನಂಥ ಮನೋರೋಗದ ಔಷಧವೂ ಆಟಿಸಂನಲ್ಲಿ ಕಾಣುವ ತೀವ್ರ ಸಿಡುಕಿಗೆ, ಸರಿಯಾದ ಪ್ರಮಾಣದಲ್ಲಿ, ಆಗಾಗ ತೂಕ ಮತ್ತು ರಕ್ತದ ಪರೀಕ್ಷೆಯೊಂದಿಗೆ ಉಪಯೋಗಕ್ಕೆ ಬರುತ್ತದೆ. ಆದರೆ ಇಲ್ಲಿ ಅವನೇಕೆ ಹೊಡೆದುಕೊಳ್ಳುತ್ತಾನೆ ಎಂದು ಯಾರೂ ಕೇಳಿರಲಿಲ್ಲ. ಈ ಗುಂಪಿನ ಕೆಲವು ಔಷಧಗಳು ಮೂರ್ಛೆ ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತವೆ. ವರ್ಷಗಳಿಂದ ಹತೋಟಿಯಲ್ಲಿದ್ದ ಮೂರ್ಛೆ ಎರಡು ಸಲ ಮರಳಿದಾಗ ಮನೆಯವರು ಹೆದರಿದರು. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಶಿಬಿರದಲ್ಲಿ ತೋರಿಸಿ, ಅಲ್ಲಿಂದ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಗೆ ಕರೆದೊಯ್ದೆವು. ಗುಳಿಗೆಗಳನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಹಾಗೆ ನಿಲ್ಲಿಸುವುದು ಅಪಾಯ. ವೈದ್ಯರ ನಿಗಾದಲ್ಲಿ, ಒಂದೊಂದಾಗಿ, ತಿಂಗಳುಗಟ್ಟಲೆ ಇಳಿಸಲಾಯಿತು.

ಚಿಲಕ

ಗುಳಿಗೆ ಇಳಿದಂತೆ ತಮ್ಮ ಎಚ್ಚರವಾದ. ಎಚ್ಚರವಾದಂತೆ ಹೊಡೆದುಕೊಳ್ಳುವುದೂ ಬಾಗಿಲ ಕಡೆಗೆ ಓಡುವುದೂ ಮರಳಿದವು. ಹಗ್ಗ ಕಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದ ಹೆತ್ತವರು ಮಾತು ಮುರಿಯಲಿಲ್ಲ. ಕಾಳು ಇಡುವ ಕೋಣೆಯಲ್ಲಿ ಅವನನ್ನು ಬಿಟ್ಟು ಹೊರಗಿನಿಂದ ಚಿಲಕ ಹಾಕಿದರು. ಅವನು ಒಳಗಿನಿಂದ ಬಾಗಿಲು ಬಡಿದು ಬಡಿದು ಗೆಣ್ಣು ಒಡೆದುಕೊಂಡ.

ಅಕ್ಕ ಹುಬ್ಬಳ್ಳಿಯಿಂದ ಬಂದು, ದೂರದ ಯಾವುದಾದರೂ ಆಶ್ರಮದಲ್ಲಿ ಬಿಡೋಣ ಎಂದಳು. ತಂದೆ ಒಪ್ಪುವ ಹಂತದಲ್ಲಿದ್ದರು. ನಾನು ಬೇಡವೆಂದು ಬಲವಾಗಿ ಹೇಳಿದೆ. ನೋಂದಣಿ ಇದೆಯೇ, ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ, ಗುಳಿಗೆ ಬರೆಯುವವರು ಯಾರು, ಹೇಳದೆ ಕೇಳದೆ ಹೋದರೆ ಒಳಗೆ ಬಿಡುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ಜಾಗಕ್ಕೆ ಮಾತು ಬಾರದ ಯುವಕನನ್ನು ಕಳಿಸಿದರೆ, ಅಲ್ಲಿ ಅವನನ್ನು ಕಟ್ಟಿದರೂ ನಮಗೆ ಗೊತ್ತಾಗುವುದಿಲ್ಲ. ಮನೆಯ ಪಡಸಾಲೆಯ ಹಗ್ಗವನ್ನಾದರೂ ಊರು ನೋಡಿತ್ತು.

ಹುಣಸೆ ಬೀಜ, ಗೋವಿನಜೋಳದ ಕಾಳು

ಮೊದಲೇ ಆಗಬೇಕಿದ್ದ ಕೆಲಸ ಈಗ ಶುರುವಾಯಿತು: ಅವನು ಯಾವಾಗ, ಏನಾದ ಮೇಲೆ, ಏನು ಮಾಡುತ್ತಾನೆ ಮತ್ತು ಅದರಿಂದ ಅವನಿಗೆ ಏನು ಸಿಗುತ್ತದೆ ಎಂದು ದಾಖಲಿಸುವುದು. ಪುಸ್ತಕಗಳಲ್ಲಿ ಇದಕ್ಕೆ ಕೋಷ್ಟಕಗಳಿವೆ. ತಾಯಿಗೆ ಓದುಬರಹ ಬಾರದು. ಕಾರ್ಯಕರ್ತೆ ನಾಲ್ಕು ಡಬ್ಬಿ ಇಟ್ಟರು: ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದು, ರಾತ್ರಿಯದು. ತಲೆಗೆ ಹೊಡೆದುಕೊಂಡರೆ ಆ ಹೊತ್ತಿನ ಡಬ್ಬಿಗೆ ಹುಣಸೆ ಬೀಜ, ಹೊರಗೆ ಓಡಲು ನೋಡಿದರೆ ಗೋವಿನಜೋಳದ ಕಾಳು. ವಾರಕ್ಕೊಮ್ಮೆ ಎಣಿಸಿ ಬರೆಯುವುದು ಕಾರ್ಯಕರ್ತೆಯ ಕೆಲಸ.

ಕೆಲವು ವಾರಗಳಲ್ಲಿ ಡಬ್ಬಿಗಳು ಬೇರೆ ಬೇರೆ ಕಥೆ ಹೇಳಿದವು. ಹುಣಸೆ ಬೀಜ ಬೆಳಗಿನ ಮತ್ತು ರಾತ್ರಿಯ ಡಬ್ಬಿಗಳಲ್ಲಿ ಹೆಚ್ಚು, ಅದೂ ಊಟವಾದ ಕೂಡಲೇ. ಗೋವಿನಜೋಳ ಬಹುಪಾಲು ಸಂಜೆಯ ಡಬ್ಬಿಯಲ್ಲಿ. ಅಂದರೆ ಊರು "ಹುಚ್ಚಾಟ" ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದ ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ.

ಊಟದ ಬಗ್ಗೆ ಕೇಳುತ್ತಾ ಹೋದಾಗ ತಾಯಿ ಒಂದು ಮಾತು ಹೇಳಿದರು: ಖಡಕ್ ರೊಟ್ಟಿ ಎಂದರೆ ಪ್ರಾಣ ಬಿಡುತ್ತಿದ್ದವನು ಈಗ ಬಹಳ ಕಾಲದಿಂದ ಅದನ್ನು ಮುಟ್ಟುವುದಿಲ್ಲ, ಸಾರಿನಲ್ಲಿ ನೆನೆಸಿ ಮೆತ್ತಗಾದರೆ ಮಾತ್ರ ತಿನ್ನುತ್ತಾನೆ. ಹೊಡೆದುಕೊಳ್ಳುವುದು ಯಾವಾಗಲೂ ಬಲಗೆನ್ನೆಗೆ. ಮುಖ ತೊಳೆಯುವಾಗಲೇ ತಾಯಿಗೆ ಹೊಡೆತ. ಇಷ್ಟು ಸಾಕಾಯಿತು. ಬಾಯಿ ತೆರೆದು ತೋರಿಸಲು ಅವನು ಒಪ್ಪದ ಕಾರಣ ಧಾರವಾಡದಲ್ಲಿ ಅರಿವಳಿಕೆ ಕೊಟ್ಟು ಪರೀಕ್ಷಿಸಬೇಕಾಯಿತು. ಬಲಭಾಗದ ಎರಡು ದವಡೆ ಹಲ್ಲು ಪೂರ್ತಿ ಹುಳುಕಾಗಿ, ಒಂದರ ಬುಡದಲ್ಲಿ ಕೀವು ತುಂಬಿತ್ತು. ಎರಡನ್ನೂ ತೆಗೆದರು. ಗಾಯ ಮಾಗಿದ ಮೇಲೆ ಹುಣಸೆ ಬೀಜ ಬೀಳುವುದು ಬಹುತೇಕ ನಿಂತಿತು. ಉಳಿದದ್ದು ಮಲಬದ್ಧತೆಯ ದಿನಗಳಲ್ಲಿ ಕಂಡಿತು. ಆಹಾರ ಬದಲಿಸಿ, ನೀರು ಹೆಚ್ಚಿಸಿದ ಮೇಲೆ ಅದೂ ಕಡಿಮೆಯಾಯಿತು.

ಹಲ್ಲುನೋವಿಗೆ ಈ ಯುವಕನನ್ನು ಕಟ್ಟಿದರು, ಮಂಪರು ಬರಿಸಿದರು, ಕತ್ತಲ ಕೋಣೆಯಲ್ಲಿ ಕೂಡಿಹಾಕಿದರು. ಮಾತು ಬರುವ ನಮಗೆ ಹಲ್ಲು ನೋಯುವುದು ಒಂದು ಮಧ್ಯಾಹ್ನದ ವಿಷಯ. ಮಾತು ಬಾರದವರು ಹೊಡೆದುಕೊಂಡರೆ ಮೊದಲು ನೋಡಬೇಕಾದದ್ದು ಹಲ್ಲು, ಕಿವಿ, ಹೊಟ್ಟೆ, ಮೂರ್ಛೆ, ನಿದ್ದೆ; ಹೆಣ್ಣುಮಕ್ಕಳಾದರೆ ಮುಟ್ಟಿನ ನೋವು. ಇದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆದಿರಬೇಕು.

ಸಂಜೆಯ ನಡಿಗೆ

ಗೋವಿನಜೋಳದ ಕಾಳಿನ ಒಗಟನ್ನು ಬಿಡಿಸಿದ್ದು ಅಕ್ಕ. ಅಜ್ಜಿ ದಿನವೂ ಶಾಲೆ ಬಿಡುವ ಹೊತ್ತಿಗೆ ತಮ್ಮನ ಕೈಹಿಡಿದು ಬಸ್ ನಿಲ್ದಾಣದ ಕಟ್ಟೆಗೆ ಹೋಗುತ್ತಿದ್ದರಂತೆ. ಎರಡು ಬಸ್ ಬಂದು ಹೋಗುವ ತನಕ ಕುಳಿತು ಮರಳುತ್ತಿದ್ದರು. ಅವನು ಆ ಹೊತ್ತಿಗೇ ಓಡುತ್ತಿದ್ದ, ಆ ದಾರಿಯಲ್ಲೇ ಓಡುತ್ತಿದ್ದ. ನಿಲ್ದಾಣದಲ್ಲಿ ಅಜ್ಜಿ ಇರಲಿಲ್ಲ, ನಿಲ್ಲಿಸುವವರೂ ಇರಲಿಲ್ಲ. ದಾರಿ ಮುಂದೆ ಹೆದ್ದಾರಿಗೆ ಸೇರುತ್ತಿತ್ತು.

ಯೋಜನೆ ಬಹಳ ಸರಳವಾಗಿತ್ತು. ದಿನವೂ ಅದೇ ಹೊತ್ತಿಗೆ ಒಬ್ಬರು ಅವನನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಬೇಕು. ಚಿತ್ರದ ಕಾರ್ಡುಗಳು ಅವನಿಗೆ ಒಗ್ಗಲಿಲ್ಲ, ವಸ್ತುಗಳು ಒಗ್ಗಿದವು: ಬಾಗಿಲ ಬಳಿಯ ಗೂಟಕ್ಕೆ ಅವನ ಚಪ್ಪಲಿ ತೂಗುಹಾಕಿದರೆ ಹೊರಗೆ ಹೋಗುವುದಿದೆ ಎಂದರ್ಥ, ಟವೆಲ್ ತೂಗುಹಾಕಿದರೆ ಸ್ನಾನ. ಈಗ ಅವನೇ ಚಪ್ಪಲಿ ತಂದು ತಂದೆಯ ಕೈಗೆ ಕೊಡುತ್ತಾನೆ. ತಂದೆ, ಚಿಕ್ಕಪ್ಪನ ಮಗ, ಪಕ್ಕದ ಮನೆಯವರು (ಹೌದು, ಪೊಲೀಸರನ್ನು ಕರೆಯಬೇಕೆಂದವರೇ) ಸರದಿ ಹಂಚಿಕೊಂಡರು. ಮಧ್ಯಾಹ್ನ ಅವನು ಶೇಂಗಾ ಸುಲಿಯುತ್ತಾನೆ. ಸಿಪ್ಪೆ ಒಡೆಯುವ ಸದ್ದು ಅವನಿಗೆ ಇಷ್ಟ; ಬೇಸರವಾದಾಗ ಎದ್ದು ಹೋಗುತ್ತಾನೆ, ಯಾರೂ ತಡೆಯುವುದಿಲ್ಲ.

ಕೋಣೆಯ ಹೊರಗಿನ ಚಿಲಕವನ್ನು ಕಿತ್ತುಹಾಕಲಾಯಿತು. ಅಂಗಳಕ್ಕೆ ಒಂದು ಬೇಲಿಗೇಟು ಬಂತು, ಅದಕ್ಕೆ ಎತ್ತಿನ ಕೊರಳ ಗಂಟೆಯೊಂದನ್ನು ಕಟ್ಟಿದರು. ಗೇಟು ಅಲುಗಿದರೆ ಒಳಗಿದ್ದವರಿಗೆ ಕೇಳಿಸುತ್ತದೆ, ಅವರು ಬಂದು ಅವನೊಂದಿಗೆ ನಡೆಯುತ್ತಾರೆ. ರಾತ್ರಿ ಮಾತ್ರ ಆ ಗೇಟಿಗೆ ಬೀಗ ಬೀಳುತ್ತದೆ. ಇದೂ ನಿರ್ಬಂಧವೇ. ಅದನ್ನು ಬೇರೆ ಹೆಸರಿನಿಂದ ಕರೆಯದೆ, ಏಕೆ ಹಾಕುತ್ತೇವೆ, ಎಷ್ಟು ಹೊತ್ತು, ಮತ್ತೆ ಯಾವ ತಿಂಗಳು ಈ ಪ್ರಶ್ನೆಯನ್ನು ತೆಗೆಯುತ್ತೇವೆ ಎಂದು ಬರೆದಿಟ್ಟಿದ್ದೇವೆ. ರಸ್ತೆಯ ಅಂಚಿನಲ್ಲಿ ಅವನು ಥಟ್ಟನೆ ಮುನ್ನುಗ್ಗಿದರೆ ತೋಳು ಹಿಡಿದು ನಿಲ್ಲಿಸಬೇಕು, ಅಪಾಯ ದಾಟಿದ ಕೂಡಲೇ ಬಿಡಬೇಕು ಎಂಬುದೂ ಅದರಲ್ಲಿದೆ.

ಹಂಗಾಮು

ಜನವರಿಯಲ್ಲಿ ಮೆಣಸಿನಕಾಯಿ ಹಂಗಾಮು ಏರಿದಾಗ ತಾಯಿ ತಂದೆ ಇಬ್ಬರೂ ಕೂಲಿಗೆ ಹೋದರು. ನೋಡಿಕೊಳ್ಳುತ್ತೇನೆಂದ ಬಂಧುವೊಬ್ಬರು ಒಂದು ಮಧ್ಯಾಹ್ನ ಅವನನ್ನು ಮತ್ತೆ ಕಂಬಕ್ಕೆ ಕಟ್ಟಿದರು. ಸಂಜೆ ಮರಳಿದ ತಾಯಿ ಬಿಚ್ಚಿ, ಮರುದಿನ ತಾವೇ ಕಾರ್ಯಕರ್ತೆಗೆ ತಿಳಿಸಿದರು. ಆ ತಾಯಿಯ ಬಗ್ಗೆ ನನಗಿರುವ ಗೌರವ ಆ ದಿನ ಇನ್ನಷ್ಟು ಹೆಚ್ಚಿತು. ಆ ಹಂಗಾಮಿನ ಉಳಿದ ದಿನಗಳಲ್ಲಿ ಅವರು ಕೂಲಿ ಬಿಟ್ಟು ಮನೆಯಲ್ಲಿ ಉಳಿದರು. ವರ್ಷದಲ್ಲೇ ಹೆಚ್ಚು ದುಡಿಮೆ ಸಿಗುವ ತಿಂಗಳುಗಳವು. ಮಗನ ಮಾಸಾಶನ ಆ ನಷ್ಟದ ಹತ್ತಿರಕ್ಕೂ ಬರಲಿಲ್ಲ.

ಈ ಲೆಕ್ಕವನ್ನು ನಮ್ಮ ಯಾವ ವರದಿಯಲ್ಲೂ ಬರೆಯಲು ಅಂಕಣವಿಲ್ಲ. ಹಗ್ಗದ ಜಾಗದಲ್ಲಿ ನಿಲ್ಲಬಲ್ಲದ್ದು ಮನುಷ್ಯರ ಹೊತ್ತು ಮಾತ್ರ. ಅದನ್ನು ಮೊದಲು ಅಜ್ಜಿ ಕೊಟ್ಟರು, ಈಗ ತಾಯಿ ಕೊಡುತ್ತಿದ್ದಾರೆ. ಎರಡೂ ಸಲ ಪುಕ್ಕಟೆಯಾಗಿ, ಎರಡೂ ಸಲ ಹೆಣ್ಣುಮಕ್ಕಳು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ ಅನುಮೋದಿಸಿದ್ದು 2007ರಲ್ಲಿ. 2016ರ ಕಾಯ್ದೆಯ 5ನೇ ಸೆಕ್ಷನ್ ಸಮುದಾಯದ ನಡುವೆ ಬದುಕುವ ಹಕ್ಕನ್ನು ಹೇಳುತ್ತದೆ. ಆ ಹಕ್ಕನ್ನು ಹಗಲು ಹೊತ್ತಿನಲ್ಲಿ ನಡೆಸಿಕೊಡುವವರಿಗೆ ಕೂಲಿ ಕೊಡುವವರು ಯಾರು ಎಂಬಲ್ಲಿ ಮಾತು ನಿಂತುಹೋಗುತ್ತದೆ.

ಈಗ ತಮ್ಮನಿಗೆ ಮೂರ್ಛೆಯ ಗುಳಿಗೆಯ ಜೊತೆ ಒಂದೇ ಒಂದು ಬೇರೆ ಗುಳಿಗೆ ಉಳಿದಿದೆ, ಅದೂ ಕಡಿಮೆ ಪ್ರಮಾಣದಲ್ಲಿ. ಹರಡಿನ ಕಲೆ ಹೋಗಿಲ್ಲ. ಬೌದ್ಧಿಕ ಅಂಗವೈಕಲ್ಯ, ಆಟಿಸಂನಂಥವು ಇರುವವರಿಗಾಗಿ ಕೇಂದ್ರ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆಗೆ ಹೆಸರು ಬರೆಸಿದ್ದೇವೆ. ಅದರಿಂದ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತನಕ ಚಿಕಿತ್ಸೆಯ ನೆರವು ಸಿಗುತ್ತದೆ. ಅವನಿಗೆ 18 ದಾಟಿರುವ ಕಾರಣ ಪೋಷಕತ್ವದ ಅರ್ಜಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯ ಮುಂದಿದೆ. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ಮೀಸಲಿಡಬೇಕಾದ ಶೇಕಡಾ 5ರ ಹಣದಿಂದ, ಜನವರಿಯಿಂದ ಮಾರ್ಚ್ ತನಕ ಹಗಲಿನಲ್ಲಿ ತಮ್ಮನೊಂದಿಗೂ ಅದೇ ಊರಿನ ಇನ್ನಿಬ್ಬರೊಂದಿಗೂ ಇರುವ ಸಹಾಯಕಿಯೊಬ್ಬರಿಗೆ ಗೌರವಧನ ಕೊಡಬೇಕೆಂದು ತಾಯಿ ಗ್ರಾಮಸಭೆಗೆ ಅರ್ಜಿ ಕೊಟ್ಟಿದ್ದಾರೆ. ತ್ರಿಚಕ್ರ ಗಾಡಿ, ಗಾಲಿಕುರ್ಚಿ ಕೊಡುವುದಕ್ಕೆ ಮಾತ್ರ ಆ ಹಣ ಎಂದು ಪಂಚಾಯಿತಿಯಲ್ಲಿ ಕೆಲವರು ವಾದಿಸುತ್ತಿದ್ದಾರೆ. ಮುಂದಿನ ಹಂಗಾಮಿಗೆ ಮೊದಲು ಇನ್ನೊಂದು ಗ್ರಾಮಸಭೆ ಇದೆ; ಅರ್ಜಿಯನ್ನು ಓದಿ ಹೇಳಲು ಅಕ್ಕ ಹುಬ್ಬಳ್ಳಿಯಿಂದ ಬರುತ್ತಾಳೆ.